ದಿನವೂ ಅದೇ ಕೆಲಸ ಮಾಡುತ್ತಾ ಬೆಳೆಯುವುದು ಹೇಗೆ?

ಪ್ರಶ್ನೆ: ಕಾಗಿಣಾ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮುಗಿಸಿದ ಮೇಲೆ ನಾನು ಇಲ್ಲಿನ ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಲಾರಿಯ ತೂಕದ ಚೀಟಿ ನೋಡಿ ದಾಖಲಿಸುವುದು, ತೊಗರಿಯ ತೇವಾಂಶದ ಅಂಕಿ ಬರೆಯುವುದು, ಚೀಲ ಎಣಿಸುವುದು, ಸಂಜೆ ಬಿಲ್ಲು ಮಾಡುವುದು, ಇಷ್ಟೇ ನನ್ನ ದಿನಚರಿ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಹೊಸ ತೊಗರಿ ಬರುವಾಗ ತಲೆ ಎತ್ತಲೂ ಬಿಡುವಿರುವುದಿಲ್ಲ. ಜೊತೆಗೆ ಓದಿದವರಲ್ಲಿ ಕೆಲವರು ಹೈದರಾಬಾದ್, ಬೆಂಗಳೂರು ಸೇರಿದರು. ಇನ್ನು ಕೆಲವರು ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಇರುವ ಮೀಸಲಾತಿಯಲ್ಲಿ ಸರ್ಕಾರಿ ಹುದ್ದೆ ಸಿಗಬಹುದೆಂದು ಪರೀಕ್ಷೆಗೆ ಓದುತ್ತಿದ್ದಾರೆ. ಅವರ ಬಗ್ಗೆ ನನಗೆ ಅಸೂಯೆಯಿಲ್ಲ. ಆದರೆ ಮೊದಲ ವರ್ಷ ಕಲಿತದ್ದನ್ನೇ ಈಗಲೂ ಮಾಡುತ್ತಿದ್ದೇನೆ, ಅದರಾಚೆಗೆ ಏನೂ ಕಲಿತಿಲ್ಲ ಎಂಬ ಕೊರಗು ಮಾತ್ರ ಹೋಗುತ್ತಿಲ್ಲ. ಮನೆಯ ಪರಿಸ್ಥಿತಿಯಿಂದಾಗಿ ಸದ್ಯಕ್ಕೆ ಊರು ಬಿಡುವಂತಿಲ್ಲ. ಇದ್ದ ಕೆಲಸದಲ್ಲಿಯೇ ಬೆಳೆಯಲು ದಾರಿಯಿದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಮಾಂಜ್ರಾ, ಬೀದರ್

ನಮ್ಮ ಮನೆಯಲ್ಲಿ ಬಿದ್ರಿ ಕೆಲಸವಿದೆ, ಆದ್ದರಿಂದ ನನಗೆ ಗೊತ್ತಿರುವ ಕಡೆಯಿಂದಲೇ ಹೇಳುತ್ತೇನೆ. ಈ ಕಸುಬಿನಲ್ಲಿ ಎರಕ ಹೊಯ್ಯುವವರು, ಕೆತ್ತುವವರು, ಬೆಳ್ಳಿ ಕೂರಿಸುವವರು, ಕೊನೆಗೆ ಕಪ್ಪು ಬಣ್ಣ ಬರಿಸಿ ಮೆರುಗು ಕೊಡುವವರು ಬೇರೆ ಬೇರೆಯಾಗಿರುವುದು ಸಾಮಾನ್ಯ. ಸತುವಿಗೆ ಸ್ವಲ್ಪವೇ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆಗ ಉಳಿಯ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಹೊಸದಾಗಿ ಉಳಿ ಹಿಡಿದವರಿಗೆ ಬಳ್ಳಿಯ ಬಾಗು ಚೆನ್ನಾಗಿ ಬಂದರೆ ಸಾಕು ಎನಿಸುತ್ತದೆ. ಆದರೆ ಗೆರೆಗೆ ಆಳ ಸಾಲದಿದ್ದರೆ, ಸುತ್ತಿಗೆಯಿಂದ ಬಡಿದು ಕೂರಿಸಿದ ಬೆಳ್ಳಿ ತಂತಿ ಆ ಹೊತ್ತಿಗೆ ನಿಂತಂತೆ ಕಂಡರೂ ಮುಂದೆ ಉಜ್ಜುವಾಗ ಮೇಲೇಳುತ್ತದೆ. ಕೆತ್ತಿದವರಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಪಾತ್ರೆ ಅವರ ಕೈ ದಾಟಿರುತ್ತದೆ. ಅದಕ್ಕಾಗಿ ನಮ್ಮಲ್ಲಿ ಕೆತ್ತನೆ ಕಲಿಯುವ ಹುಡುಗರನ್ನು ಕೆಲಕಾಲ ಮೆರುಗಿನವರ ಪಕ್ಕದಲ್ಲಿ ಕೂರಿಸುತ್ತಾರೆ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರವೆಂಬ ಲವಣದ ಲೇಪನದಿಂದ ಲೋಹ ಕಪ್ಪಾಗಿ, ಬೆಳ್ಳಿ ಮಾತ್ರ ಬಿಳಿಯಾಗಿ ಉಳಿಯುವ ಆ ಹಂತದಲ್ಲಿ ಪ್ರತಿಯೊಂದು ಲೋಪವೂ ಕಣ್ಣಿಗೆ ರಾಚುತ್ತದೆ. ಅದನ್ನು ನೋಡಿ ಬಂದ ಹುಡುಗನಿಗೆ ಎಷ್ಟು ಆಳ ಕೆತ್ತಬೇಕೆಂದು ಯಾರೂ ಮತ್ತೆ ಹೇಳಬೇಕಾಗಿಲ್ಲ.

ನಿಮ್ಮ ಕೈಯಿಂದ ಹೋದ ಕಾಗದ ಮುಂದೆ ಎಲ್ಲಿಗೆ ಹೋಗುತ್ತದೆ, ಅದರಿಂದ ಯಾರು ಏನನ್ನು ತೀರ್ಮಾನಿಸುತ್ತಾರೆ ಎಂಬುದನ್ನು ಒಮ್ಮೆ ಹಿಂಬಾಲಿಸಿ ನೋಡಿ.

ಉತ್ತರ: ಭೀಮಾತೀರ, ಯಾದಗಿರಿ

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ವಿಷಯವನ್ನು ಸೇರಿಸಲೇಬೇಕು. ನಮ್ಮ ಭಾಗದಲ್ಲಿ ‘ಕಾಯಕ’ ಎಂಬ ದೊಡ್ಡ ಮಾತನ್ನು ಮುಂದೆ ಮಾಡಿ ಕಡಿಮೆ ಸಂಬಳಕ್ಕೆ ದುಡಿಸಿಕೊಳ್ಳುವುದನ್ನು ಬಹಳ ಕಂಡಿದ್ದೇನೆ. ಕಲ್ಯಾಣದ ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಹೇಳಿದರು. ದುಡಿಮೆಯ ಫಲ ಒಬ್ಬರ ಬಳಿಯೇ ನಿಲ್ಲಬಾರದು ಎಂಬುದು ಅದರ ತಿರುಳು. ಹೆಚ್ಚಿನದನ್ನು ಕಲಿತು ಹೆಚ್ಚಿನ ಹೊಣೆ ಹೊತ್ತ ಮೇಲೆ ಸಂಬಳದ ಮಾತನ್ನೂ ಸಂಕೋಚವಿಲ್ಲದೆ ಎತ್ತಿರಿ.

ಉತ್ತರ: ಬಿಸಿಲ ನಾಡಿನವ, ಕಲಬುರಗಿ

ನಾನು ಬೇಳೆ ಮಿಲ್ಲುಗಳಲ್ಲಿ ಮೇಲ್ವಿಚಾರಕನಾಗಿ ದುಡಿದು ನಿವೃತ್ತನಾದವನು. ನಿಮ್ಮ ಪ್ರಶ್ನೆ ನನಗೆ ತೀರ ಹತ್ತಿರದ್ದು, ಏಕೆಂದರೆ ನೀವು ಕುಳಿತಿರುವ ಜಾಗದ ಬೆಲೆ ನಿಮಗಿನ್ನೂ ಗೊತ್ತಾಗಿಲ್ಲ ಎಂದು ನನಗೆ ಅನಿಸುತ್ತದೆ.

ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ಒಂದು ಅಂಟಿನ ಪದರವಿದೆ. ಕಡಲೆಯ ಸಿಪ್ಪೆ ಬಿಡುವಷ್ಟು ಸುಲಭವಾಗಿ ತೊಗರಿಯದು ಬಿಡುವುದಿಲ್ಲ. ಆದ್ದರಿಂದಲೇ ಕಾಳನ್ನು ರೋಲರ್‌ಗೆ ಹಾಕಿ ಮೈ ಗೀರಿಸುವುದು, ಎಣ್ಣೆ ಸವರಿ ರಾತ್ರಿಯಿಡೀ ರಾಶಿ ಹಾಕುವುದು, ಬಿಸಿಲಿನಲ್ಲಿ ಒಣಗಿಸುವುದು, ಮತ್ತೆ ನೀರು ಚಿಮುಕಿಸುವುದು, ಇಷ್ಟೆಲ್ಲ ನಡೆಯುತ್ತದೆ. ಕಾಳಿನಲ್ಲಿ ತೇವ ಹೆಚ್ಚಿದ್ದರೆ ಸಿಪ್ಪೆ ಬಿಡುವುದಿಲ್ಲ. ತೀರ ಒಣಗಿದ್ದರೆ ಬೇಳೆ ಒಡೆದು ನುಚ್ಚಾಗುತ್ತದೆ. ನಮ್ಮ ಕಡೆಯ ಮಿಲ್ಲುಗಳಲ್ಲಿ 100 ಕೆ.ಜಿ. ತೊಗರಿಗೆ 70ರಿಂದ 75 ಕೆ.ಜಿ. ಬೇಳೆ ಬಂದರೆ ಒಳ್ಳೆಯದೆನ್ನುತ್ತಾರೆ. ಉಳಿದದ್ದು ಹೊಟ್ಟು, ನುಚ್ಚು, ಹಿಟ್ಟಾಗಿ ದನದ ಮೇವಿಗೆ ಹೋಗುತ್ತದೆ. ಮಿಲ್ಲಿನ ಲಾಭ ನಷ್ಟವೆಲ್ಲ ಈ ಒಂದೆರಡು ಕೆ.ಜಿ.ಯ ವ್ಯತ್ಯಾಸದಲ್ಲಿದೆ.

ಈಗ ಯೋಚಿಸಿ: ಒಳಬರುವ ತೊಗರಿಯ ತೇವಾಂಶ ನಿಮ್ಮ ರಿಜಿಸ್ಟರಿನಲ್ಲಿದೆ. ಹೊರಹೋಗುವ ಬೇಳೆಯ ಚೀಲದ ಲೆಕ್ಕವೂ ನಿಮ್ಮ ಬಿಲ್ಲಿನಲ್ಲಿದೆ. ಎರಡನ್ನೂ ದಿನವೂ ಬರೆಯುವವರು ನೀವು, ಆದರೆ ಎರಡನ್ನೂ ಒಂದೇ ಹಾಳೆಯಲ್ಲಿ ಎದುರುಬದುರಾಗಿ ಇಟ್ಟು ನೋಡಿದವರು ನಿಮ್ಮ ಮಿಲ್ಲಿನಲ್ಲಿ ಬಹುಶಃ ಯಾರೂ ಇಲ್ಲ. ಆಳಂದದಿಂದ ಬಂದ ಮಾಲು, ಚಿಂಚೋಳಿಯದು, ಜೇವರ್ಗಿಯದು ಎಂದು ಬೇರೆ ಬೇರೆ ಗುರುತಿಸಿ, ಯಾವ ತೇವಾಂಶದ ಮಾಲಿನಿಂದ ಎಷ್ಟು ಬೇಳೆ, ಎಷ್ಟು ನುಚ್ಚು ಬಂತು ಎಂದು ಒಂದು ಹಂಗಾಮು ಬರೆದಿಡಿ. ಸರ್ಕಾರಿ ಖರೀದಿ ಕೇಂದ್ರಗಳಲ್ಲಿ 12 ಪ್ರತಿಶತಕ್ಕಿಂತ ಹೆಚ್ಚು ತೇವವಿದ್ದ ತೊಗರಿಯನ್ನು ಏಕೆ ಒಪ್ಪುವುದಿಲ್ಲ ಎಂಬುದು ಆಗ ನಿಯಮವಾಗಿ ಅಲ್ಲ, ಕಾರಣಸಹಿತವಾಗಿ ತಿಳಿಯುತ್ತದೆ. ಮಧ್ಯಾಹ್ನ ಹತ್ತು ನಿಮಿಷ ಒಣಗಿಸುವ ಅಂಗಳಕ್ಕೆ ಹೋಗಿ, ಅಲ್ಲಿನ ಹಿರಿಯ ಹೆಂಗಸರನ್ನು ಮಾತಾಡಿಸಿ. ಮುಷ್ಟಿ ತುಂಬ ಕಾಳು ಹಿಡಿದು, ಒಂದನ್ನು ಹಲ್ಲಿನಲ್ಲಿ ಕಡಿದು, ಆ ಸದ್ದಿನಿಂದಲೇ ಒಣಗಿದೆಯೋ ಇಲ್ಲವೋ ಎಂದು ಹೇಳುವವರು ಅವರಲ್ಲಿದ್ದಾರೆ. ಅವರು ಹೇಳಿದ್ದನ್ನು ನಿಮ್ಮ ಯಂತ್ರದ ಅಂಕಿಯೊಂದಿಗೆ ತಾಳೆ ನೋಡುತ್ತಾ ಬನ್ನಿ. ಖರೀದಿಗೆ ಕೂರುವ ಅರ್ಹತೆ ಬರುವುದು ಹೀಗೆ. ಪದವಿಯೊಂದರಿಂದಲೇ ಅದು ಬರುವುದಿಲ್ಲ.

ಮರುಪ್ರಶ್ನೆ: ಕಾಗಿಣಾ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ರಿಜಿಸ್ಟರುಗಳನ್ನು ಜೋಡಿಸುವ ವಿಚಾರ ನನಗೆ ಹೊಳೆದೇ ಇರಲಿಲ್ಲ. ಒಂದು ತೊಡಕಿದೆ: ನಮ್ಮ ಗೋದಾಮಿನಲ್ಲಿ ಬೇರೆ ಬೇರೆ ರೈತರ ಮಾಲು ಬೆರೆತುಹೋಗುತ್ತದೆ. ಹೀಗಿರುವಾಗ ಲೆಕ್ಕ ಹಿಡಿಯುವುದು ಹೇಗೆ?

ಉತ್ತರ: ಬಿಸಿಲ ನಾಡಿನವ

ಎಲ್ಲ ಮಾಲಿನ ಬೆನ್ನು ಹತ್ತಬೇಡಿ. ಒಂದೇ ಊರಿನಿಂದ ಪೂರ್ತಿ ಲಾರಿ ಬಂದು, ಬೆರೆಯದೆ ನೇರವಾಗಿ ಯಂತ್ರಕ್ಕೆ ಹೋಗುವ ಲಾಟುಗಳನ್ನು ಮಾತ್ರ ಆರಿಸಿಕೊಳ್ಳಿ. ಹಂಗಾಮಿನಲ್ಲಿ ಅಂಥವು ಸಾಕಷ್ಟು ಸಿಗುತ್ತವೆ. ಮೋಡವಿದ್ದ ದಿನ ಒಣಗಿಸಿದ ಲಾಟಿಗೆ ಬೇರೆ ಗುರುತು ಹಾಕಿ, ಇಲ್ಲದಿದ್ದರೆ ಬಿಸಿಲು ಸಾಲದೆ ಸಿಪ್ಪೆ ಬಿಡದೆ ಉಳಿದದ್ದನ್ನು ರೈತರ ಮಾಲಿನ ದೋಷವೆಂದು ಬರೆದುಬಿಡುತ್ತೀರಿ.