ತಿಂಗಳಿಗೊಮ್ಮೆ ಕ್ಲೇ ಬಾರ್? ನಮ್ಮನೆ ಗ್ರೂಪಲ್ಲಿ ನಡೆದ ವಾದ

ಚಿಕ್ಕಪ್ಪ: (ವಿಡಿಯೊ. ಹಲವು ಬಾರಿ ಫಾರ್ವರ್ಡ್ ಆಗಿದೆ)

ಚಿಕ್ಕಪ್ಪ: ಕಾರ್ ಇರೋರೆಲ್ಲ ತಪ್ಪದೆ ನೋಡಿ. ಆಯುಧಪೂಜೆಗೆ ಮುಂಚೆ ಮಾಡ್ಲೇಬೇಕಾದ ಕೆಲಸ. ತಿಂಗಳಿಗೊಂದ್ಸಲ ಕ್ಲೇ ಬಾರ್ ಉಜ್ಜಿ ಮೇಲೆ ವ್ಯಾಕ್ಸ್ ಹಾಕಿದ್ರೆ ಶೋರೂಮ್ ಹೊಳಪು ಹಾಗೇ ಇರುತ್ತಂತೆ. ಕೊನೇಲಿ ಆ ಬಾರ್ ಎಷ್ಟು ಕಪ್ಪಗಾಗಿದೆ ನೋಡಿ!

ದೊಡ್ಡಪ್ಪ: ಚೆನ್ನಾಗಿದೆ ಕಣೋ. ನಾನೂ ಒಂದು ತರಿಸ್ತೀನಿ. ಏನಿದು, ಜೇಡಿಮಣ್ಣಾ?

ನಾನು: ದೊಡ್ಡಪ್ಪ, ಈ ವಿಡಿಯೊ ನಂಬ್ಕೊಂಡು ಶುರು ಮಾಡ್ಬೇಡಿ, ಪ್ಲೀಸ್. ಅದು ಮಣ್ಣಲ್ಲ. ನಾದಿಟ್ಟ ಮೈದಾ ಹಿಟ್ಟಿನ ಥರ ಇರೋ ಒಂದು ಪ್ಲಾಸ್ಟಿಕ್ ಅಂಟು, ಒಳಗೆ ಉಜ್ಜೋ ಪುಡಿ ನುಣ್ಣಗೆ ಸೇರಿಸಿರ್ತಾರೆ. ತೊಳೆದ ಮೇಲೂ ಪೇಂಟಿಗೆ ಕಚ್ಕೊಂಡೇ ಇರುತ್ತಲ್ಲ, ಟಾರ್ ಚುಕ್ಕೆ, ಬ್ರೇಕಿಂದ ಹಾರಿದ ಕಬ್ಬಿಣದ ಕಣ, ಎಲ್ಲಿಂದಲೋ ಬಂದು ಕೂತ ಪೇಂಟಿನ ತುಂತುರು, ಅದನ್ನೆಲ್ಲ ಕಿತ್ಕೊಂಡು ಬರುತ್ತೆ. ಒಳ್ಳೆ ವಸ್ತುನೇ. ವ್ಯಾಕ್ಸ್ ಸಮವಾಗಿ ಕೂರಬೇಕು ಅಂದ್ರೆ ಪೇಂಟ್ ನುಣುಪಾಗಿರಬೇಕು ಅನ್ನೋದೂ ನಿಜ. ನನ್ನ ತಕರಾರು "ತಿಂಗಳಿಗೊಂದ್ಸಲ" ಅನ್ನೋ ಮಾತಿಗೆ.

ಚಿಕ್ಕಪ್ಪ: ಯಾಕಪ್ಪ? ಅಷ್ಟು ಮೆತ್ತಗಿದೆ. ಉಜ್ಜಿದ್ರೆ ಏನಾಗುತ್ತೆ?

ನಾನು: ಮೆತ್ತಗಿದ್ರೂ ಒಳಗಿರೋ ಪುಡಿ ಮೆತ್ತಗಿಲ್ಲ ಚಿಕ್ಕಪ್ಪ. ಜಪಾನಿನ ತಾದಾವೊ ಕೊದಾತೆ ಅನ್ನೋರು 1995ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ತಗೊಂಡಾಗ, ಬಗ್ಗೋ ಸಾಣೆಕಲ್ಲು ಅಂತಲೇ ಬರೆಸಿದ್ದಾರೆ. ಪ್ರತಿ ಸಲ ಉಜ್ಜಿದಾಗಲೂ ಒಂದಷ್ಟು ಸಣ್ಣ ಗೀರು ಬೀಳೋ ಸಾಧ್ಯತೆ ಇರುತ್ತೆ. ಆ ಗೀರು ಹೋಗ್ಬೇಕು ಅಂದ್ರೆ ಪಾಲಿಶ್ ಮಾಡ್ಬೇಕು. ಪಾಲಿಶ್ ಮಾಡಿದಷ್ಟೂ ಕ್ಲಿಯರ್ ಕೋಟ್, ಅಂದ್ರೆ ಬಣ್ಣದ ಮೇಲಿರೋ ಪಾರದರ್ಶಕ ಪದರ, ಸವೆಯುತ್ತೆ. ಅದು ಇರೋದೇ ಸುಮಾರು 40–50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಬಿಸಿಲಿಂದ ಬಣ್ಣ ಕಾಯೋದು ಅದೊಂದೇ. ಸವೆದಿದ್ದು ವಾಪಸ್ ಬರಲ್ಲ.

ಚಿಕ್ಕಪ್ಪ: ನಾನು ನನ್ನ ಗಾಡಿಗೆ ಉಜ್ಜಿದೀನಿ, ಒಂದು ಗೀರೂ ಇಲ್ಲ.

ಅಕ್ಕ: ಚಿಕ್ಕಪ್ಪ, ನಿಮ್ದು ಬಿಳಿ ಕಾರು. ಬಿಳೀದ್ರಲ್ಲಿ ಗೀರು ಕಾಣಲ್ಲ. ನನ್ನ ಕಪ್ಪು ಕಾರು ಬಂದು ನೋಡಿ. ಹೋದ ವರ್ಷ ವಾಶ್‌ಗೆ ಕೊಟ್ಟಿದ್ವಲ್ಲ, ಆ ಹುಡುಗನ ಕೈಯಿಂದ ಬಾರ್ ನೆಲಕ್ಕೆ ಬಿತ್ತು. ಎತ್ತಿ ಪ್ಯಾಂಟಿಗೆ ಒರೆಸ್ಕೊಂಡು ಅದ್ರಲ್ಲೇ ಮುಂದುವರಿಸಿದ. ನಾನು ಓಡಿ ಹೋಗಿ ನಿಲ್ಲಿಸೋ ಹೊತ್ತಿಗೆ ಎಡಗಡೆ ಎರಡೂ ಬಾಗಿಲು ಮುಗಿದಿತ್ತು. ಬೆಳಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ ಈಗಲೂ ಸಾಲು ಸಾಲು ಗೆರೆ ಕಾಣುತ್ತೆ.

ನಾನು: ಅದೇ ಅಕ್ಕ. ನೆಲಕ್ಕೆ ಬಿದ್ದ ತುಂಡನ್ನ ಎಸೆದುಬಿಡಬೇಕು, ಎಷ್ಟೇ ದುಡ್ಡು ಕೊಟ್ಟಿರಲಿ. ಅದಕ್ಕೇ ನಾನು ಬಾರ್ ಪೂರ್ತಿ ಕೈಗೆ ತಗೊಳ್ಳಲ್ಲ, ಒಂದು ತುಂಡು ಮಾತ್ರ ಹರ್ಕೊಂಡು ಉಳಿದಿದ್ದು ಡಬ್ಬೀಲಿ ಇಡ್ತೀನಿ.

ಚಿಕ್ಕಪ್ಪ: ಸರಿ, ಹುಡುಗ ಮಾಡಿದ್ದು ತಪ್ಪು. ವಿಡಿಯೊದಲ್ಲಿ ಬಾರ್ ಮೇಲೆ ಬಂದ ಕೊಳೆ ಸುಳ್ಳಾ? ಕಣ್ಣೆದುರಿಗೇ ಇದೆ.

ನಾನು: ಆ ಕೊಳೆ ನೋಡಿಯೇ ನನಗೆ ಸಿಟ್ಟು ಬಂದಿದ್ದು ಚಿಕ್ಕಪ್ಪ. ವಿಡಿಯೊದವನು ಗಾಡಿ ತೊಳೆದಿದ್ದನ್ನ ಎಲ್ಲಾದ್ರೂ ತೋರಿಸಿದ್ನಾ? ಶುರುವಲ್ಲೇ ಬಾನೆಟ್ ಮೇಲೆ ಧೂಳಿದೆ. ಎರಡು ಸಲ ಪುಸ್ ಪುಸ್ ಅಂತ ಲ್ಯೂಬ್ (ಬಾರ್ ಜಾರಲಿ ಅಂತ ಹಾಕೋ ದ್ರವ) ಹೊಡೆದು ಉಜ್ಜೋಕೆ ಶುರು ಮಾಡ್ದ. ಶಾಂಪೂ ಹಾಕಿ ತೊಳೆದಿದ್ರೆ ಹೋಗ್ತಿದ್ದ ಮಣ್ಣನ್ನ ಬಾರಿಗೆ ಮೆತ್ತಿಸಿ ಪೇಂಟ್ ಮೇಲೆ ಎಳೆದಾಡ್ತಿದಾನೆ. ಅಷ್ಟೇ ಅಲ್ಲ, ಗಾಡಿ ಬಿಸಿಲಲ್ಲಿ ನಿಂತಿದೆ, ಲ್ಯೂಬ್ ಒಣಗ್ತಿದೆ, ಇವನು ಗುಂಡಗೆ ಸುತ್ತಿಸ್ತಿದಾನೆ. ಕೊನೇಲಿ ಕಾಣೋ ಹೊಳಪು ವ್ಯಾಕ್ಸಿಂದು. ಕ್ಲೇ ನುಣುಪು ಕೊಡುತ್ತೆ, ಹೊಳಪು ಕೊಡಲ್ಲ.

ಭಾವ: ಮೈನ್ಸ್ ಕಡೆ ಇರೋರು ಅಂತೂ ಆ ವಿಡಿಯೊ ಥರ ಮಾಡ್ಲೇಬಾರದು. ಇಲ್ಲಿ ತೋರಣಗಲ್ಲಲ್ಲಿ ಗಾಡಿ ಮೇಲೆ ಕೂರೋದು ಅದಿರಿನ ಧೂಳು. ಆ ಕಬ್ಬಿಣದ ಅದಿರು (ಹೆಮಟೈಟ್) ಪೇಂಟಿಗಿಂತ ಎಷ್ಟೋ ಗಟ್ಟಿ. ಒಣಬಟ್ಟೇಲಿ ಒರೆಸಿದ್ರೂ ಗೀರೇ. ಮೊದಲು ಬರೀ ನೀರು ಧಾರಾಳವಾಗಿ ಬಿಟ್ಟು ಧೂಳು ಇಳಿಸ್ತೀವಿ, ಆಮೇಲೇ ಕೈ ಹಾಕೋದು.

ಭಾವ: ಮತ್ತೆ ನಮ್ಮ ಪಾರ್ಕಿಂಗ್ ಪಕ್ಕದಲ್ಲೇ ಗೂಡ್ಸ್ ರೈಲಿನ ಲೈನು. ಬಿಳಿ ಗಾಡಿ ತೊಳೆದು ಹತ್ತಿರದಿಂದ ನೋಡಿದ್ರೆ ಸಾಸಿವೆಗಿಂತ ಸಣ್ಣ ಕಿತ್ತಳೆ ಚುಕ್ಕೆಗಳು. ಚಕ್ರ, ಬ್ರೇಕು ಉಜ್ಜಿ ಹಾರಿದ ಕಬ್ಬಿಣದ ಕಣ ಪೇಂಟಲ್ಲಿ ನೆಟ್ಟು ತುಕ್ಕು ಹಿಡಿದಿರೋದು. ಅದಕ್ಕೆ ಕ್ಲೇ ಬಾರಾ, ಐರನ್ ರಿಮೂವರಾ?

ನಾನು: ಮೊದಲು ಐರನ್ ರಿಮೂವರ್ ಭಾವ. ನೆರಳಲ್ಲಿ, ಗಾಡಿ ತಣ್ಣಗಿದ್ದಾಗ ಸ್ಪ್ರೇ ಮಾಡಿ. ಕಣ ಇರೋ ಕಡೆ ನೇರಳೆ ಬಣ್ಣ ಇಳಿಯುತ್ತೆ. ಬಾಟ್ಲಿ ಮೇಲೆ ಬರೆದಷ್ಟು ನಿಮಿಷ ಮಾತ್ರ ಬಿಡಿ, ಒಣಗೋಕೆ ಬಿಡ್ಲೇಬೇಡಿ. ಕೊಳೆತ ಮೊಟ್ಟೆ ವಾಸನೆ ಬರುತ್ತೆ, ಗ್ಲೌಸ್ ಹಾಕ್ಕೊಳ್ಳಿ. ಚೆನ್ನಾಗಿ ತೊಳೆದ ಮೇಲೂ ಉಳಿದಿದ್ದಕ್ಕೆ ಮಾತ್ರ ಕ್ಲೇ. ಕಬ್ಬಿಣ ಕರಗಿಸಿ ತೆಗೆಯೋದಿರುವಾಗ ಉಜ್ಜಿ ಯಾಕೆ ಕೀಳ್ಬೇಕು?

ತಮ್ಮ: ಅಣ್ಣ, ನನ್ನ ಬೈಕ್ ಮ್ಯಾಟ್ ಫಿನಿಶ್. ಉಜ್ಜಬಹುದಾ?

ನಾನು: ಬೇಡ. ಕ್ಲೇನೂ ಬೇಡ, ವ್ಯಾಕ್ಸೂ ಬೇಡ. ಅಲ್ಲಲ್ಲಿ ಹೊಳೆಯೋ ಕಲೆ ಆಗಿಬಿಡುತ್ತೆ, ಆಮೇಲೆ ಸರಿ ಮಾಡೋಕೆ ಆಗಲ್ಲ.

ಅತ್ತೆ: ನಮ್ಮದು ಬೋರ್‌ವೆಲ್ ನೀರು. ಗಾಜು, ಬಾನೆಟ್ ಎಲ್ಲಾ ಕಡೆ ಬಿಳಿ ಬಿಳಿ ಉಂಗುರದ ಕಲೆ. ಇದರಲ್ಲಿ ಹೋಗುತ್ತಾ?

ನಾನು: ಗಡಸು ನೀರಿನ ಕಲೆ ಕ್ಲೇಗೆ ಅಷ್ಟಾಗಿ ಬಗ್ಗಲ್ಲ ಅತ್ತೆ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೇಲಿ ಅದ್ದಿ ಒತ್ತಿ, ಸ್ವಲ್ಪ ಹೊತ್ತಾದ್ಮೇಲೆ ತೊಳೀರಿ. ಇನ್ಮೇಲೆ ತೊಳೆದ ತಕ್ಷಣ ಒರೆಸಿಬಿಡಿ, ಗಾಡಿ ಮೇಲೆ ನೀರು ತಾನಾಗಿ ಒಣಗಬಾರದು.

ಚಿಕ್ಕಪ್ಪ: ಎಲ್ಲದಕ್ಕೂ ಬೇಡ ಬೇಡ ಅಂದ್ರೆ ಆ ಬಾರ್ ಯಾವಾಗ ಉಜ್ಜೋದು ಮಾರಾಯ? ಒಂದು ಲೆಕ್ಕ ಹೇಳು. ಆರು ತಿಂಗಳಾ? ವರ್ಷನಾ?

ನಾನು: ಕ್ಯಾಲೆಂಡರ್ ನೋಡಿ ಉಜ್ಜೋದಲ್ಲ ಚಿಕ್ಕಪ್ಪ, ಮುಟ್ಟಿ ನೋಡಿ ಉಜ್ಜೋದು. ಗಾಡಿ ತೊಳೆದು ಒರೆಸಿ. ಅಂಗಡೀಲಿ ತರಕಾರಿ ಹಾಕಿ ಕೊಡ್ತಾರಲ್ಲ, ಆ ಥರದ ತೆಳು ಪ್ಲಾಸ್ಟಿಕ್ ಕವರ್ ಕೈಗೆ ಹಾಕ್ಕೊಳ್ಳಿ. ಬೆರಳ ತುದಿ ಪೇಂಟ್ ಮೇಲೆ ಹಗುರಾಗಿ ಜಾರಿಸಿ. ಬರಿಗೈಗೆ ಗೊತ್ತಾಗದ ತರಿತರಿ ಕವರ್ ಹಾಕಿದಾಗ ಚೆನ್ನಾಗಿ ಗೊತ್ತಾಗುತ್ತೆ, ಸರಸರ ಸದ್ದೂ ಬರುತ್ತೆ. ತರಿ ಇದ್ದ ಕಡೆ ಮಾತ್ರ ಉಜ್ಜಿ. ನುಣುಪಾಗಿದ್ರೆ ಸೀದಾ ವ್ಯಾಕ್ಸ್. ಮನೆ ಒಳಗೆ ನಿಲ್ಲಿಸೋ ಗಾಡಿಗೆ ವರ್ಷವಿಡೀ ಬೇಕಾಗದೇ ಇರಬಹುದು. ಭಾವನ ಗಾಡಿಗೆ ವರ್ಷಕ್ಕೆ ಎರಡು ಸಲ ಬೇಕಾಗಬಹುದು.

ಚಿಕ್ಕಪ್ಪ: ಕವರ್ ವಿಷಯ ಒಪ್ಕೋತೀನಿ. ಆದ್ರೂ ನಾನು ದಿನಾ ಹೈವೇಲಿ ಓಡಾಡೋನು. ಮೂರು ತಿಂಗಳಿಗೊಮ್ಮೆಯಾದ್ರೂ ಬೇಕು ಅನ್ಸುತ್ತೆ.

ನಾನು: ಟಾರ್ ಚುಕ್ಕೆಗಾ? ಅದಕ್ಕೆ ಟಾರ್ ರಿಮೂವರ್ ಇದೆ. ಅದು ಹಾಕಿ, ಆಮೇಲೆ ಕವರ್ ಹಾಕಿ ನೋಡಿ. ಅಷ್ಟಾದ್ಮೇಲೂ ತರಿ ಸಿಕ್ರೆ ನಾನು ಎರಡು ಮಾತಾಡಲ್ಲ.

ದೊಡ್ಡಪ್ಪ: ನೀವು ಜಗಳ ಆಡ್ತಿರುವಾಗ ನಾನು ಕೆಳಗೆ ಹೋಗಿ ನೋಡ್ಕೊಂಡು ಬಂದೆ. ಬೆಳಗ್ಗೆಯಷ್ಟೇ ತೊಳೆಸಿದ್ದೆ. ಬಾಗಿಲು, ಡಿಕ್ಕಿ ಎಲ್ಲ ನುಣುಪು. ಬಾನೆಟ್ಟಿನ ಬಲಗಡೆ ಅರ್ಧ ಮಾತ್ರ ರವೆ ಚೆಲ್ಲಿದ ಹಾಗೆ ತರಿತರಿ. ಎಡಗಡೆ ಏನೂ ಇಲ್ಲ. ಯಾಕೆ ಹೀಗೆ?

ಅಕ್ಕ: ದೊಡ್ಡಪ್ಪ, ಪಕ್ಕದ ಮನೆಯವರು ಗೇಟಿಗೆ ಸ್ಪ್ರೇ ಪೇಂಟ್ ಹೊಡೆಸಿದ್ರಲ್ಲ! ನಿಮ್ಮ ಗಾಡಿ ಬಲಗಡೆ ಆ ಗೇಟ್ ಕಡೆಗೇ ಇರೋದು.

ದೊಡ್ಡಪ್ಪ: ಹೌದಲ್ಲ! ಕನ್ನಡಕ ಹಾಕ್ಕೊಂಡು ನೋಡಿದೆ. ಹಸಿರು ಚುಕ್ಕೆ.

ನಾನು: ಇದಕ್ಕೇ ಬೇಕಾಗಿರೋದು ಕ್ಲೇ ಬಾರ್. ತರಿಸಿ ದೊಡ್ಡಪ್ಪ, ಫೈನ್ ಗ್ರೇಡ್ ಅಂತ ಕೇಳಿ. ಮೀಡಿಯಂ, ಹೆವಿ ಬೇಡ. ಶನಿವಾರ ನಾನೇ ಬರ್ತೀನಿ. ಎರಡಡಿ ಅಗಲದ ಜಾಗ ತಗೊಂಡು, ಲ್ಯೂಬ್ ಧಾರಾಳವಾಗಿ ಹೊಡೆದು, ಒತ್ತದೆ ನೇರ ಗೆರೇಲಿ ಹಿಂದೆ ಮುಂದೆ. ಮೊದಮೊದಲು ಎಳೆದ ಹಾಗೆ ಆಗಿ ಸದ್ದು ಬರುತ್ತೆ, ಚುಕ್ಕೆ ಬಿಟ್ಟ ಮೇಲೆ ಸುಮ್ಮನೆ ಜಾರುತ್ತೆ. ಆಗ ನಿಲ್ಲಿಸೋದು. ತುಂಡು ಮಡಚಿ ಹೊಸ ಮುಖ ತೆಗೆದು ಪಕ್ಕದ ಜಾಗ. ಇದ್ದ ವ್ಯಾಕ್ಸೂ ಕ್ಲೇ ಜೊತೆ ಹೋಗಿರುತ್ತೆ, ಅವತ್ತೇ ಹೊಸದು ಹಾಕಿಬಿಡೋಣ.

ಚಿಕ್ಕಪ್ಪ: ಲ್ಯೂಬ್ ಇಲ್ಲದಿದ್ರೆ ಪಾತ್ರೆ ತೊಳೆಯೋ ಲಿಕ್ವಿಡ್ ಆಗಲ್ವಾ?

ನಾನು: ಬೇಡ ಚಿಕ್ಕಪ್ಪ. ಕೆಲವು ಬಾರ್ ಅದ್ರಲ್ಲಿ ಮೆತ್ತಗಾಗಿ ಪೇಂಟಿಗೇ ಮೆತ್ಕೊಳ್ಳುತ್ತೆ. ಕಿಟ್ ಜೊತೆ ಬರೋ ಲ್ಯೂಬೇ ಇರಲಿ.

ಚಿಕ್ಕಪ್ಪ: ಸರಿ. ನನ್ನ ಹತ್ರ ಲ್ಯೂಬ್ ಅರ್ಧ ಬಾಟ್ಲಿ ಇದೆ, ತರ್ತೀನಿ. ನನ್ನ ಗಾಡಿಗೂ ಕವರ್ ಹಾಕಿ ನೋಡೋಣ, ಅಲ್ಲೇ ತೀರ್ಮಾನ ಆಗ್ಲಿ. ಆ ವಿಡಿಯೊ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೂ ಹಾಕಿದ್ದೆ, ಅಲ್ಲಿ ಡಿಲೀಟ್ ಮಾಡ್ತೀನಿ.

ನಾನು: ಡಿಲೀಟ್ ಮಾಡಿ ಕವರ್ ವಿಷಯ ಅಲ್ಲಿ ಬರೀರಿ ಚಿಕ್ಕಪ್ಪ, ಯಾರಾದ್ರೂ ಈಗಾಗ್ಲೇ ಬಾರ್ ಆರ್ಡರ್ ಮಾಡಿರ್ತಾರೆ. ದೊಡ್ಡಪ್ಪ, ಬೆಳಗ್ಗೆ ಏಳಕ್ಕೆ ಬರ್ತೀವಿ, ಬಿಸಿಲು ಏರೋ ಮುಂಚೆ ಮುಗಿಬೇಕು. ಎರಡು ಬಕೆಟ್ ತೆಗೆದಿಡಿ, ಒಂದು ಶಾಂಪೂಗೆ, ಒಂದು ಬಟ್ಟೆ ಜಾಲಿಸೋಕೆ.