ಸಹಾಯ ಬೇಕು: ಅಂಬ್ರಲ್ ಕಲನವನ್ನು ಬಿ.ಎಸ್ಸಿ. ಮಕ್ಕಳಿಗೆ ಹೇಗೆ ಹೇಳಿಕೊಡುವುದು?

ಗಣಿತ ಬಲ್ಲವರಲ್ಲಿ ಒಂದು ವಿನಂತಿ. ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಪರಿಮಿತ ವ್ಯತ್ಯಾಸಗಳ (ಒಂದು ಪದಕ್ಕೂ ಮುಂದಿನ ಪದಕ್ಕೂ ಇರುವ ಅಂತರಗಳ) ಪಾಠ ಮಾಡುತ್ತಿದ್ದೇನೆ. ಅದರ ಜೊತೆಗೆ ಅಂಬ್ರಲ್ ಕಲನವೂ ಬರುತ್ತದೆ, ಅಂದರೆ ಪಾದಾಂಕಗಳನ್ನು ಘಾತಾಂಕಗಳಂತೆ ನಡೆಸಿಕೊಂಡು ಲೆಕ್ಕ ಮಾಡುವ ವಿಧಾನ. ಎನ್² ತೆಗೆದುಕೊಂಡರೆ ಮುಂದಿನ ಪದದೊಂದಿಗಿನ ವ್ಯತ್ಯಾಸ 2ಎನ್+1. ಆ ಹೆಚ್ಚುವರಿ ಒಂದು ಕಾಟ ಕೊಡುತ್ತದೆ. ಅದೇ ಎನ್(ಎನ್−1) ಆದರೆ ಅಚ್ಚುಕಟ್ಟಾಗಿ 2ಎನ್, ಥೇಟ್ ಎನ್²ರ ಅವಕಲನದಂತೆ! ಇಲ್ಲಿ ಮಕ್ಕಳ ಕಣ್ಣು ಅರಳುತ್ತದೆ.

ತೊಡಕು ಬರ್ನೌಲಿ ಸಂಖ್ಯೆಗಳಲ್ಲಿ (ಘಾತಗಳ ಮೊತ್ತದ ಸೂತ್ರಗಳಲ್ಲಿ ಬರುವ ಬಿ₁, ಬಿ₂ ಮುಂತಾದ ಸಂಖ್ಯೆಗಳಲ್ಲಿ). (ಬಿ+1)³ = ಬಿ³ ಎಂದು ಬರೆದು, ವಿಸ್ತರಿಸಿ, ಘಾತಾಂಕಗಳನ್ನೆಲ್ಲ ಪಾದಾಂಕಗಳಾಗಿ ಕೆಳಗಿಳಿಸಿದರೆ 3ಬಿ₂+3ಬಿ₁+1=0 ಉಳಿಯುತ್ತದೆ. ಬಿ₁ ಬೆಲೆ −1/2 ಆದ್ದರಿಂದ ಬಿ₂ = 1/6. ಉತ್ತರ ಸರಿ. ಆದರೆ ಹೀಗೆ ಇಳಿಸುವುದು ಹೇಗೆ ನ್ಯಾಯ ಎಂದು ಅವರು ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆ ಅದು. ಗಣಿತಜ್ಞ ಜಿಯಾನ್-ಕಾರ್ಲೊ ರೋಟಾ ರೇಖೀಯ ಫಲನಕದ (ಪ್ರತಿ ಬಹುಪದಕ್ಕೂ ಒಂದು ಸಂಖ್ಯೆ ಕೊಡುವ, ಕೂಡಿಸುವುದನ್ನೂ ಸ್ಥಿರಾಂಕದಿಂದ ಗುಣಿಸುವುದನ್ನೂ ಹಾಗೇ ಉಳಿಸುವ ನಿಯಮದ) ಮೂಲಕ ಕೊಟ್ಟ ಸಮರ್ಥನೆಯನ್ನು, ರೇಖೀಯ ಬೀಜಗಣಿತ ಇನ್ನೂ ಓದದವರಿಗೆ ಹೇಗೆ ಮುಟ್ಟಿಸಲಿ? ಪಾಠ ಮಾಡಿದ ಅನುಭವವಿರುವವರು, ಕನ್ನಡದಲ್ಲಿ ಟಿಪ್ಪಣಿ ಇಟ್ಟುಕೊಂಡವರು ದಯವಿಟ್ಟು ತಿಳಿಸಿ.