ಮಾವನ ಫಾರ್ವರ್ಡ್ ಮತ್ತು ನಮ್ಮ ಗೇರುಗುಡ್ಡೆ

ಶನಿವಾರ ಬೆಳಿಗ್ಗೆ ಮನೆಯವರ ಗುಂಪಿಗೆ ದೊಡ್ಡ ಮಾವನ ಫಾರ್ವರ್ಡ್ ಬಂತು. 'ಇನ್ನು ಅಂಗಳದಲ್ಲಿ ದರಗು (ಒಣ ಎಲೆ) ಸುಟ್ಟರೂ ಸ್ಯಾಟಲೈಟ್ ಹಿಡಿಯುತ್ತದೆ, ದಂಡ ಗ್ಯಾರಂಟಿ, ಎಲ್ಲರಿಗೂ ತಿಳಿಸಿ.' ಇಲಾಖೆಯ ಹೆಸರಿಲ್ಲ, ತಾರೀಕೂ ಇಲ್ಲ. ಜೊತೆಗೆ ಉರಿಯುವ ಕಾಡಿನ ಒಂದು ಫೋಟೋ.

ಮಣಿಪಾಲದ ತಮ್ಮ ಕೂಡಲೇ ಕೇಳಿದ: 'ಆದೇಶದ ಪ್ರತಿ ಎಲ್ಲಿ? ಫೋಟೋದಲ್ಲಿರುವುದು ಪೈನ್ ಮರ. ಕಾರ್ಕಳದ ಕಾಡಿನಲ್ಲಿ ಪೈನ್ ಎಲ್ಲಿ ಉಂಟು?'

ಮಾವನಿಗೆ ಸಿಟ್ಟು ಬಂತು. 'ಹಿರಿಯರು ಒಳ್ಳೆಯದಕ್ಕೆ ಹೇಳಿದರೂ ಸಾಕ್ಷಿ ಕೇಳುತ್ತೀರಿ. ಬೆಂಕಿಯ ಬಗ್ಗೆ ಭಯ ಭಕ್ತಿ ಬೇಕು.'

ಅಷ್ಟರಲ್ಲಿ ಮುಂಬೈಯ ಅತ್ತೆ ಮಗಳು ಬಂದಳು. ಅವಳಿಗೆ ಅಜ್ಜಿ ಮನೆಯ ಸುಡುಮಣ್ಣಿನ, ಅಂದರೆ ಗೊಬ್ಬರಕ್ಕೆಂದು ದರಗಿನ ಜೊತೆ ಸುಡುವ ಮಣ್ಣಿನ, ವಾಸನೆ ನೆನಪಾಗಿತ್ತು. ಕೆಂಡದಲ್ಲಿ ಸುಟ್ಟ ಗೇರುಬೀಜ, ಸೊನೆ ತಾಗಿ ಹುಣ್ಣಾದ ತುಟಿ. ಎಲ್ಲರೂ ಅದಕ್ಕೆ ಹೃದಯ ಒತ್ತಿದರು. ಚಿಕ್ಕಮ್ಮ ಮಾತ್ರ ಬರೆದರು: 'ಅದೇ ಸುಡುಮಣ್ಣಿನ ಕಿಡಿ ಅಲ್ವಾ ನಮ್ಮ ಗುಡ್ಡೆಗೆ ಹಾರಿದ್ದು?'

'ಅದು ಯಾರೋ ದಾರಿಹೋಕರ ಬೀಡಿ' ಅಂದರು ಮಾವ. 'ಕಾಡಿನ ಬೆಂಕಿಯಂತೂ ಬಿದಿರು ತಿಕ್ಕಿಯೇ ಹುಟ್ಟುವುದು.' ಅಲ್ಲಿಂದ ಮಾತು ಆಸ್ತಿಯ ಪಾಲಿಗೆ, ಬಾವಿಯ ಪಂಪಿಗೆ ಹೋಯಿತು.

ಗುಡ್ಡೆಗೆ ಬೆಂಕಿ ಬಿದ್ದ ದಿನ ನಾನು ಅಲ್ಲೇ ಇದ್ದೆ. ನನಗೆ ಆಗ ಹನ್ನೆರಡು ವರ್ಷ. ಸುಡುಮಣ್ಣು ಮೇಲಿಂದ ಆರಿದ ಹಾಗೆ ಕಂಡರೂ ಒಳಗೆ ಎರಡು ಮೂರು ದಿನ ಕೆಂಡ ಇರುತ್ತದೆ. ಮಧ್ಯಾಹ್ನ ಪಡುಗಾಳಿ ಎದ್ದಿತು. ಮುಳಿಹುಲ್ಲು ಸೊಂಟದಷ್ಟು ಎತ್ತರ, ಕಡ್ಡಿಯ ಹಾಗೆ ಒಣಗಿತ್ತು. ಚಟಚಟ ಅನ್ನುತ್ತಾ ಬೆಂಕಿ ನಾವು ಓಡುವುದಕ್ಕಿಂತ ಬೇಗ ಗುಡ್ಡೆ ಹತ್ತಿತು. ದೊಡ್ಡವರೆಲ್ಲ ಹಸಿ ಸೊಪ್ಪಿನಿಂದ ಬಡಿದರು, ಮಾವನೂ ಬಡಿದರು. ಅವರ ಮುಂಗೈಯ ರೋಮ ಪೂರ್ತಿ ಸುಟ್ಟಿತ್ತು. ಹೂ ಬಿಟ್ಟಿದ್ದ ಗೇರು ಮರಗಳು ಸಂಜೆಗೆ ಕಂದು ಬಣ್ಣವಾಗಿ ನಿಂತಿದ್ದವು.

ಹಾಗಾಗಿ ಸುಮ್ನೆ ಇರಲು ಆಗಲಿಲ್ಲ, ಉದ್ದಕ್ಕೆ ಬರೆದೆ. ಸ್ಯಾಟಲೈಟ್ ಮಾತು ಪೂರ್ತಿ ಸುಳ್ಳಲ್ಲ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹ ಕಂಡ ಬಿಸಿಯ ಜಾಗಗಳನ್ನು ಅರಣ್ಯ ಇಲಾಖೆಗೆ ಎಸ್ಸೆಮ್ಮೆಸ್ ಮಾಡುತ್ತದೆ. ಅದರ ಒಂದೊಂದು ಚುಕ್ಕೆ ಸುಮಾರು 375 ಮೀಟರ್ ಅಗಲ. ಅದು ಇರುವುದು ಕಾಡಿಗಾಗಿ, ಅಂಗಳದ ದರಗಿಗಲ್ಲ. ಮೀಸಲು ಅರಣ್ಯಕ್ಕೆ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೇ ಅಪರಾಧ. ಬಿದಿರಿನ ಮೇಲೆ ತಪ್ಪು ಹಾಕಬೇಡಿ. ನಮ್ಮ ಕಡೆಯ ಕಾಡಿನ ಬೆಂಕಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯರ ಕೈಯದ್ದೇ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಿತು. ಬೇಸಿಗೆಯಲ್ಲಿ ಕುದುರೆಮುಖದ ಕಡೆ ಚಾರಣ ನಿಲ್ಲಿಸಿದರೆ ನಾವು ಗೊಣಗುತ್ತೇವೆ. ಕಾರಣ ಇದೇ.

ದರಗನ್ನು ತೆಂಗಿನ ಬುಡಕ್ಕೆ ಹಾಕಿದರೆ ನೀರಾದರೂ ಉಳಿಯುತ್ತದೆ. ಸುಡುಮಣ್ಣು ಬೇಕೇ ಬೇಕು ಅಂದರೆ ಮಳೆ ಬಿದ್ದ ಮೇಲೆ ಮಾಡಿ. ಬೆಂಕಿ ಕೈಮೀರುವ ಮೊದಲೇ 112ಕ್ಕೆ ಕರೆ ಮಾಡಿ, ಯಾರು ಹಾಕಿದ್ದು ಅಂತ ಆಮೇಲೆ ನೋಡುವ.

ಕೊನೆಗೆ ಕೇಳಿದೆ: ಗುಡ್ಡೆಯ ಬದಿಯ ಮುಳಿಹುಲ್ಲು ಕೆತ್ತಿ ಬೆಂಕಿ ದಾಟದ ಹಾಗೆ ಗಡಿ ಮಾಡಲು ಈ ಭಾನುವಾರ ಯಾರು ಬರುತ್ತೀರಿ?

ತಮ್ಮ ಬರುತ್ತಾನಂತೆ. ಕತ್ತಿ ಎಷ್ಟು ಬೇಕು ಅಂತ ಚಿಕ್ಕಮ್ಮ ಕೇಳಿದ್ದಾರೆ. ಮಾವ ಓದಿದ್ದಾರೆ, ನೀಲಿ ಗೆರೆ ಬಂದಿದೆ. ಉತ್ತರ ಇನ್ನೂ ಇಲ್ಲ.